ಸಾಲಿಸಿಟರ್ ಮೇಜಿನಿಂದ ನ್ಯಾಯಪೀಠಕ್ಕೆ: ಇಂಗ್ಲೆಂಡಿನಲ್ಲಿ ನನ್ನ ಅನುಭವ

ಇಂಗ್ಲೆಂಡಿನಲ್ಲಿ ಸಾಲಿಸಿಟರ್, ಅಂದರೆ ಕಕ್ಷಿದಾರರ ಕೇಸು ಸಿದ್ಧಪಡಿಸುವ ವಕೀಲರ, ಕೆಲಸದಲ್ಲಿರುವ ನಮ್ಮ ಕಡೆಯ ಮಕ್ಕಳು ಸಿಕ್ಕಾಗಲೆಲ್ಲ ಕೇಳುವುದು ಒಂದೇ ಪ್ರಶ್ನೆ: "ಆಂಟಿ, ಕೋರ್ಟಿನಲ್ಲಿ ನಿಂತು ವಾದ ಮಾಡಿ ಅಭ್ಯಾಸ ಇಲ್ಲದವರು ಜಡ್ಜ್ ಆಗೋಕಾಗುತ್ತಾ?" ಆಗುತ್ತದೆ. ಬರ್ಮಿಂಗ್‌ಹ್ಯಾಮಿನ ಒಂದು ಕಾನೂನು ಸಂಸ್ಥೆಯಲ್ಲಿ ವರ್ಷಗಟ್ಟಲೆ ಕಂಪನಿಗಳ ವ್ಯಾಜ್ಯ ನೋಡಿಕೊಂಡಿದ್ದವಳು ನಾನು. ಮೊದಲು ವರ್ಷಕ್ಕೆ ಕೆಲವು ದಿನ ಮಾತ್ರ ಪೀಠದಲ್ಲಿ ಕೂರುವ ಡೆಪ್ಯುಟಿ ಡಿಸ್ಟ್ರಿಕ್ಟ್ ಜಡ್ಜ್ ಆದೆ, ಆಮೇಲೆ ಪೂರ್ಣಾವಧಿ ಡಿಸ್ಟ್ರಿಕ್ಟ್ ಜಡ್ಜ್ ಆದೆ, ಈಗ ನಿವೃತ್ತಳಾಗಿದ್ದೇನೆ. ಆಗಬಹುದೇ ಎನ್ನುವುದಕ್ಕಿಂತ ನನಗೆ ಮುಖ್ಯವಾಗಿ ಕಾಣುವ ಪ್ರಶ್ನೆ ಬೇರೆ. ಸಾಲಿಸಿಟರ್ ಕಚೇರಿಯಲ್ಲಿ ಕಲಿತದ್ದರಲ್ಲಿ ಪೀಠಕ್ಕೆ ಒಯ್ಯಬೇಕಾದದ್ದು ಯಾವುದು, ಬಾಗಿಲಲ್ಲೇ ಬಿಡಬೇಕಾದದ್ದು ಯಾವುದು? ಅದನ್ನೇ ಬರೆಯುತ್ತೇನೆ. ಪ್ರಕರಣಗಳ ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಊರಿನಲ್ಲಿ ಡಿಸ್ಟ್ರಿಕ್ಟ್ ಜಡ್ಜ್ ಎಂದರೆ ಕೊಲೆ ಪ್ರಕರಣಗಳನ್ನೂ ಕೇಳುವ ಜಿಲ್ಲೆಯ ಹಿರಿಯ ನ್ಯಾಯಾಧೀಶರು. ಇಂಗ್ಲೆಂಡಿನ ಕೌಂಟಿ ಕೋರ್ಟಿನ ಡಿಸ್ಟ್ರಿಕ್ಟ್ ಜಡ್ಜ್ ಹಾಗಲ್ಲ. ಸಾಲ, ಗುತ್ತಿಗೆ, ಬಾಡಿಗೆ ಮನೆ, ದಿವಾಳಿ, ಕುಟುಂಬ ಕಲಹ ಇವೇ ಅವರ ಮುಂದೆ ಬರುವ ಕೆಲಸ. ನಮ್ಮ ಸಿವಿಲ್ ಜಡ್ಜ್ ಎಂದುಕೊಂಡರೆ ಹತ್ತಿರವಾಗುತ್ತದೆ. ವಕೀಲಿಕೆಯೂ ಬೇರೆ. ಭಾರತದಲ್ಲಿ 1961ರ ವಕೀಲರ ಕಾಯ್ದೆಯ ಪ್ರಕಾರ ಅಡ್ವೊಕೇಟ್ ಎಂಬುದೊಂದೇ ವರ್ಗ. ಮೈಸೂರಿನಲ್ಲಿ ಎಲ್‌ಎಲ್‌ಬಿ ಮುಗಿಸಿ ನಾನು ಸೇರಿಕೊಂಡ ಹಿರಿಯ ವಕೀಲರು ಕಕ್ಷಿದಾರರ ಗೋಳು ಕೇಳುತ್ತಿದ್ದರು, ದಾವೆ ಬರೆಸುತ್ತಿದ್ದರು, ಮಾರನೆಯ ದಿನ ತಾವೇ ನಿಂತು ಪಾಟೀ ಸವಾಲು ಮಾಡುತ್ತಿದ್ದರು. ಮದುವೆಯಾಗಿ ಇಲ್ಲಿಗೆ ಬಂದು, ಬೇರೆ ದೇಶದ ವಕೀಲರಿಗೆಂದು ಆಗ ಇದ್ದ ಪರೀಕ್ಷೆ ಬರೆದು ಸಾಲಿಸಿಟರ್ ಆದಾಗ ಆ ಕೆಲಸದ ಅರ್ಧ ಭಾಗ ಕೈಬಿಟ್ಟು ಹೋಯಿತು. ಕಕ್ಷಿದಾರರನ್ನು ಕೂರಿಸಿಕೊಂಡು ಮಾತನಾಡುವುದು, ಕಾಗದ ಒಟ್ಟು ಮಾಡುವುದು, ಪತ್ರ ಬರೆಯುವುದು, ರಾಜಿಗೆ ಯತ್ನಿಸುವುದು ಸಾಲಿಸಿಟರ್ ಪಾಲು. ವಿಚಾರಣೆ ಬಂತೆಂದರೆ ಬ್ಯಾರಿಸ್ಟರ್ ಗೊತ್ತುಮಾಡಿ, ಅವರು ನಿಂತು ವಾದಿಸುವಾಗ ಹಿಂದಿನ ಸಾಲಿನಲ್ಲಿ ಕೂತು ಚೀಟಿ ಕೊಡುವುದು. 1990ರ ಕೋರ್ಟ್ಸ್ ಆ್ಯಂಡ್ ಲೀಗಲ್ ಸರ್ವಿಸಸ್ ಆ್ಯಕ್ಟ್ ಬಂದ ನಂತರ ಸಾಲಿಸಿಟರ್‌ಗಳೂ ಅರ್ಹತೆ ಪಡೆದು ಮೇಲಿನ ಕೋರ್ಟುಗಳಲ್ಲಿ ವಾದಿಸಬಹುದು. ಆದರೂ ವಾಣಿಜ್ಯ ವ್ಯಾಜ್ಯಗಳಲ್ಲಿ ನಿಂತು ಮಾತನಾಡುವವರು ಹೆಚ್ಚಾಗಿ ಬ್ಯಾರಿಸ್ಟರ್‌ಗಳೇ.

ಹಿಂದಿನ ಸಾಲಿನ ಆ ಕುರ್ಚಿಯನ್ನು ಕೊರತೆ ಎಂದು ನಾನು ಯಾವತ್ತೂ ಭಾವಿಸಲಿಲ್ಲ. ಅಲ್ಲಿ ಕೂತವರಿಗೆ ಒಂದು ವಿಷಯ ಗೊತ್ತಿರುತ್ತದೆ: ಕೋರ್ಟಿನ ಮುಂದಿರುವ ಪ್ರತಿಯೊಂದು ಕಾಗದ ಹೇಗೆ ಹುಟ್ಟಿತು ಎನ್ನುವುದು.

ನಮ್ಮ ಕಕ್ಷಿದಾರರು ಹೆಚ್ಚಿನವರು ವೆಸ್ಟ್ ಮಿಡ್‌ಲ್ಯಾಂಡ್ಸಿನ ಸಣ್ಣ, ಮಧ್ಯಮ ಕಾರ್ಖಾನೆಯವರು. ಕಾರಿನ ಬಿಡಿಭಾಗ, ಉಕ್ಕಿನ ಸುರುಳಿ, ಎರಕದ ಸಾಮಾನು. ಸರಕು ಕೊಟ್ಟಿದ್ದೇವೆ, ದುಡ್ಡು ಬಂದಿಲ್ಲ. ಸರಕು ಬಂದಿದೆ, ಅಳತೆ ಸರಿಯಿಲ್ಲ. ಕೊಂಡ ಕಂಪನಿ ದಿವಾಳಿಯೆದ್ದರೆ ಇನ್ನೂ ಕಷ್ಟ. "ಹಣ ಪೂರ್ತಿ ಸಂದಾಯವಾಗುವವರೆಗೆ ಸರಕಿನ ಒಡೆತನ ನಮ್ಮದೇ" ಎಂಬ ಷರತ್ತು ಇನ್‌ವಾಯ್ಸಿನ ಹಿಂದೆ ಸಣ್ಣಕ್ಷರದಲ್ಲಿ ಇರುತ್ತಿತ್ತು. 1976ರ ರೊಮಾಲ್ಪಾ ತೀರ್ಪಿನಿಂದಾಗಿ ಅದಕ್ಕೆ ರೊಮಾಲ್ಪಾ ಷರತ್ತು ಎಂದೇ ಹೆಸರು. ಆ ಷರತ್ತು ಗೆಲ್ಲಬೇಕಾದರೆ ಗೋದಾಮಿನಲ್ಲಿರುವ ಯಾವ ಸುರುಳಿ ನಮ್ಮದು ಎಂದು ತೋರಿಸಬೇಕು. ಹಾಗಾಗಿ ಕಕ್ಷಿದಾರರ ಜೊತೆ ಗೋದಾಮಿಗೆ ಹೋಗಿ, ಚೀಟಿಯ ನಂಬರು ನೋಡಿ, ಡೆಲಿವರಿ ನೋಟಿಗೆ ಹೋಲಿಸಿ ಪಟ್ಟಿ ಮಾಡುತ್ತಿದ್ದೆ. ಕಾನೂನು ಪುಸ್ತಕದಲ್ಲಿ ಒಡೆತನ ಎನ್ನುವುದು ಸಿದ್ಧಾಂತ. ಗೋದಾಮಿನಲ್ಲಿ ಅದು ಅಂಟು ಬಿಟ್ಟು ಹೋದ ಒಂದು ಲೇಬಲ್.

ಸಾಕ್ಷಿಗಳ ಹೇಳಿಕೆ ಬರೆಯುವುದೂ ನಮ್ಮ ಕೆಲಸವೇ. ಇಲ್ಲಿ ಸಾಕ್ಷಿಯ ಮುಖ್ಯ ವಿಚಾರಣೆ ಬಾಯಲ್ಲಿ ನಡೆಯುವುದು ಅಪರೂಪ. ಮೊದಲೇ ಬರೆದು ಸಹಿ ಹಾಕಿದ ಹೇಳಿಕೆಯೇ ಸಾಕ್ಷ್ಯವಾಗುತ್ತದೆ, ಉಳಿಯುವುದು ಪಾಟೀ ಸವಾಲು. ಹೇಳಿಕೆ ಬರೆಯುವವರು ಸಾಲಿಸಿಟರ್. ಕಾರ್ಖಾನೆಯ ಫೋರ್‌ಮನ್ ಬಂದು, "ಲಾರಿ ಬಂದಾಗ ಮಳೆ ಸುರೀತಿತ್ತು, ಪೆಟ್ಟಿಗೆ ಮೇಲೆ ಹೊದಿಕೆ ಇರಲಿಲ್ಲ ಅಂತ ಕಾಣುತ್ತೆ, ನಾನು ಆ ಕಡೆ ಬಾಗಿಲಲ್ಲಿದ್ದೆ" ಎಂದು ಹೇಳುತ್ತಾನೆ. ಅದು ಕಾಗದಕ್ಕೆ ಇಳಿದು, ಮೂರು ಸಲ ತಿದ್ದಿಸಿಕೊಂಡು, "ಸರಕನ್ನು ಹೊದಿಕೆಯಿಲ್ಲದೆ ತಲುಪಿಸಲಾಯಿತು" ಎಂದಾಗಿ ಹೊರಬರುವುದನ್ನು ಈ ವೃತ್ತಿಯಲ್ಲಿ ಎಲ್ಲರೂ ನೋಡಿದ್ದಾರೆ. ಯಾರೂ ಸುಳ್ಳು ಸೇರಿಸಿರುವುದಿಲ್ಲ. ಅವನಿಗಿದ್ದ ಅನುಮಾನ ಮಾತ್ರ ಉದುರಿಹೋಗಿರುತ್ತದೆ. ಆ ಅನುಮಾನವನ್ನು ಕಾಗದದಲ್ಲಿ ಉಳಿಸಬೇಕು ಎಂದು ನಾನು ಹಟ ಹಿಡಿಯುತ್ತಿದ್ದೆ. ಪಾಟೀ ಸವಾಲಿನಲ್ಲಿ ಅದು ಹೇಗೂ ಹೊರಬರುತ್ತದೆ ಎನ್ನುವುದು ಒಂದು ಕಾರಣ. ಅದು ಆ ಮನುಷ್ಯನ ಮಾತು, ನನ್ನದಲ್ಲ ಎನ್ನುವುದು ಇನ್ನೊಂದು.

ನನ್ನನ್ನು ನ್ಯಾಯಾಧೀಶೆಯ ಕೆಲಸಕ್ಕೆ ಎಲ್ಲಕ್ಕಿಂತ ಹೆಚ್ಚು ಅಣಿಗೊಳಿಸಿದ್ದು ಡಿಸ್‌ಕ್ಲೋಷರ್. ವ್ಯಾಜ್ಯಕ್ಕೆ ಸಂಬಂಧಪಟ್ಟ ದಾಖಲೆಗಳನ್ನು, ತನಗೆ ವಿರುದ್ಧವಾಗಿದ್ದರೂ, ಎದುರು ಪಕ್ಷಕ್ಕೆ ತಿಳಿಸಬೇಕು. ಆ ಹೊಣೆಯನ್ನು ಕಕ್ಷಿದಾರರಿಗೆ ಅರ್ಥ ಮಾಡಿಸುವುದು ಸಾಲಿಸಿಟರ್ ಕರ್ತವ್ಯ. ತಮ್ಮದೇ ಮ್ಯಾನೇಜರ್ ಬರೆದ ಒಂದು ಇಮೇಲಿನಿಂದ ಕೇಸು ಮುಳುಗುತ್ತದೆ ಎಂದು ಗೊತ್ತಾದ ಕಂಪನಿಯ ಮಾಲೀಕನ ಎದುರು ಕೂತು, "ಇದನ್ನು ಕೊಡಲೇಬೇಕು, ಕೊಡುವುದಿಲ್ಲ ಎಂದರೆ ನಾನು ಈ ಕೇಸು ಬಿಡಬೇಕಾಗುತ್ತದೆ" ಎಂದು ಹೇಳುವುದು ಸುಲಭವಲ್ಲ. ನಮಗೆ ಫೀಸು ಕೊಡುವವರು ಅವರೇ. ಆದರೆ ಹಾಗೆ ಹೇಳಿದ ಪ್ರತಿ ಸಲವೂ ನಾನು ಒಂದು ಪಕ್ಷದಿಂದ ಅರ್ಧ ಹೆಜ್ಜೆ ಹೊರಗೆ ನಿಂತಿದ್ದೆ. ನ್ಯಾಯಾಧೀಶರು ನಿಲ್ಲಬೇಕಾದ ಜಾಗಕ್ಕೆ ದಾರಿ ಅಲ್ಲಿಂದಲೇ.

ಸಾಲಿಸಿಟರ್‌ಗಳಿಗೆ ಪೀಠದ ಬಾಗಿಲು ತೆರೆದದ್ದು ನಿಧಾನವಾಗಿ. 1971ರ ಕೋರ್ಟ್ಸ್ ಆ್ಯಕ್ಟ್ ಬಂದ ಮೇಲೆ ಅವರು ರೆಕಾರ್ಡರ್ (ಅರೆಕಾಲಿಕ ನ್ಯಾಯಾಧೀಶರು) ಆಗಿ, ಅಲ್ಲಿಂದ ಡಿಸ್ಟ್ರಿಕ್ಟ್ ಜಡ್ಜ್‌ಗಿಂತ ಮೇಲಿನ ಸರ್ಕಿಟ್ ಜಡ್ಜ್ ಆಗಬಹುದಾಯಿತು. ಹೈಕೋರ್ಟಿನ ದಾರಿ ತೆರೆದದ್ದು 1990ರ ಕಾಯ್ದೆ. ನಾನು ಈ ವೃತ್ತಿಗೆ ಹೊಸಬಳಾಗಿದ್ದಾಗ, 1993ರಲ್ಲಿ, ಮೈಕೆಲ್ ಸ್ಯಾಕ್ಸ್ ಹೈಕೋರ್ಟಿಗೆ ನೇಮಕವಾದ ಮೊದಲ ಸಾಲಿಸಿಟರ್ ಆದರು. 2000ದಲ್ಲಿ ಲಾರೆನ್ಸ್ ಕಾಲಿನ್ಸ್ ಲಂಡನ್ನಿನ ದೊಡ್ಡ ವಾಣಿಜ್ಯ ಕಾನೂನು ಸಂಸ್ಥೆಯಿಂದ ನೇರವಾಗಿ ಹೈಕೋರ್ಟಿಗೆ ಹೋದರು, 2009ರ ಹೊತ್ತಿಗೆ ದೇಶದ ಅತ್ಯುನ್ನತ ನ್ಯಾಯಾಲಯ ಮುಟ್ಟಿದ್ದರು. ನಮ್ಮಂಥವರ ಪಾಲಿಗೆ ಇದು ದೊಡ್ಡ ಸುದ್ದಿ. ಆದರೆ ನನ್ನನ್ನು ಅರ್ಜಿ ಹಾಕಲು ಎಬ್ಬಿಸಿದ್ದು 2006ರಲ್ಲಿ ಕೆಲಸ ಶುರುಮಾಡಿದ ನ್ಯಾಯಾಂಗ ನೇಮಕಾತಿ ಆಯೋಗ. ಅದಕ್ಕೆ ಮೊದಲು ಹಿರಿಯ ನ್ಯಾಯಾಧೀಶರ ಅಭಿಪ್ರಾಯವನ್ನು ಖಾಸಗಿಯಾಗಿ ಕೇಳಿ ಹೆಸರು ಆರಿಸುವ ಪದ್ಧತಿ ಗಟ್ಟಿಯಾಗಿತ್ತು. ಹಿಂದಿನ ಸಾಲಿನಲ್ಲಿ ಕೂತವರ ಮುಖ ಯಾವ ಹಿರಿಯ ನ್ಯಾಯಾಧೀಶರಿಗೆ ಪರಿಚಯವಿರುತ್ತದೆ? ಆಯೋಗ ಬಂದಮೇಲೆ ಜಾಹೀರಾತು, ಅರ್ಜಿ, ಪರೀಕ್ಷೆ, ಸಂದರ್ಶನ ಎಲ್ಲ ಬಯಲಲ್ಲಿ ನಡೆಯುವಂತಾಯಿತು.

ನಮ್ಮವರಲ್ಲಿ ಬಹಳ ಮಂದಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಈ ಹುದ್ದೆಗೆ ಬ್ರಿಟಿಷ್ ಪೌರತ್ವವೇ ಬೇಕೆಂದಿಲ್ಲ. ಐರ್ಲೆಂಡಿನವರು, ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಕೂಡ ಅರ್ಹರು. ಭಾರತ ಕಾಮನ್‌ವೆಲ್ತ್ ದೇಶ. ಭಾರತದ ಪಾಸ್‌ಪೋರ್ಟ್ ಕೈಲಿದ್ದೇ ಅರ್ಜಿ ಹಾಕಬಹುದು. ಬೇಕಾದದ್ದು ಇಲ್ಲಿನ ಅರ್ಹತೆ ಮತ್ತು ಅನುಭವ: ಡಿಸ್ಟ್ರಿಕ್ಟ್ ಜಡ್ಜ್ ಮಟ್ಟಕ್ಕೆ ಅರ್ಹತೆ ಪಡೆದ ಮೇಲೆ 5 ವರ್ಷ, ರೆಕಾರ್ಡರ್, ಸರ್ಕಿಟ್ ಜಡ್ಜ್, ಹೈಕೋರ್ಟ್ ಜಡ್ಜ್ ಹುದ್ದೆಗಳಿಗೆ 7 ವರ್ಷ.

ಅರ್ಜಿಯಲ್ಲಿ ಕೇಳುವುದು ಉದಾಹರಣೆ. ಗೊಂದಲದ ಮಾಹಿತಿಯನ್ನು ಹೇಗೆ ತಿಳಿಗೊಳಿಸಿದಿರಿ, ಕಷ್ಟದ ತೀರ್ಮಾನ ಹೇಗೆ ತೆಗೆದುಕೊಂಡಿರಿ, ಬೇರೆ ಹಿನ್ನೆಲೆಯವರೊಡನೆ ಹೇಗೆ ನಡೆದುಕೊಂಡಿರಿ, ಒತ್ತಡದಲ್ಲಿ ಕೆಲಸ ಹೇಗೆ ಮುಗಿಸಿದಿರಿ. ನಾನು ಆಮೇಲೆ ಎಷ್ಟೋ ಜನರ ಅರ್ಜಿ ಓದಿಕೊಟ್ಟಿದ್ದೇನೆ. ವಾಣಿಜ್ಯ ಕಾನೂನು ಸಂಸ್ಥೆಯಿಂದ ಬಂದವರ ಅರ್ಜಿ ತುಂಬ "ನಾವು" ಇರುತ್ತದೆ: ನಮ್ಮ ತಂಡ ಇಂಥ ಕಂಪನಿಯ ಪರವಾಗಿ ಇಷ್ಟು ಲಕ್ಷ ಪೌಂಡಿನ ವ್ಯಾಜ್ಯ ಗೆದ್ದಿತು. ಆಯ್ಕೆ ಮಂಡಳಿಗೆ ಬೇಕಾದದ್ದು ಪೌಂಡಿನ ಮೊತ್ತವೂ ಅಲ್ಲ, ತಂಡವೂ ಅಲ್ಲ. ಎರಡು ದಾರಿಯಿದ್ದಾಗ ನೀವೊಬ್ಬರೇ ಯಾವ ದಾರಿ ಆರಿಸಿದಿರಿ, ಯಾಕೆ? ಡಿಸ್‌ಕ್ಲೋಷರಿನ ಇಮೇಲಿನಂಥ ಸಂದರ್ಭ ಅಲ್ಲಿ ಬರಬೇಕು. ನಾನು ಬರೆದದ್ದೂ ಅದನ್ನೇ.

ತಯಾರಿಗೆ ನಾನು ಮಾಡಿದ್ದು ಸರಳ. ರಜೆ ಹಾಕಿ ಕೌಂಟಿ ಕೋರ್ಟಿನ ಸಾರ್ವಜನಿಕ ಬೆಂಚಿನಲ್ಲಿ ಹೋಗಿ ಕೂತೆ. ತೆರೆದ ನ್ಯಾಯಾಲಯ, ಯಾರು ಬೇಕಾದರೂ ಕೂರಬಹುದು. ಅರ್ಜಿದಾರರು ನ್ಯಾಯಾಧೀಶರ ಪಕ್ಕದಲ್ಲೇ ಕೂತು ನೋಡುವ ಯೋಜನೆಯೂ ಇದೆ, ಅದನ್ನೂ ಬಳಸಿಕೊಂಡೆ. ನನ್ನ ಕಣ್ಣು ತೀರ್ಪಿನ ಮೇಲಿರಲಿಲ್ಲ. ಮಾತು ನಿಲ್ಲಿಸದವರನ್ನು ನ್ಯಾಯಾಧೀಶರು ಹೇಗೆ ನಿಲ್ಲಿಸುತ್ತಾರೆ, ಅಳುತ್ತಿರುವವರಿಗೆ ಎಷ್ಟು ಹೊತ್ತು ಕೊಡುತ್ತಾರೆ, ಕಾನೂನನ್ನು ಎಷ್ಟು ಮಾತಿನಲ್ಲಿ ಹೇಳುತ್ತಾರೆ ಎಂದು ನೋಡುತ್ತಿದ್ದೆ. ಆಯ್ಕೆಯ ದಿನ ನಟರನ್ನು ಕಕ್ಷಿದಾರರಾಗಿ ಕೂರಿಸಿ ಒಂದು ಅಣಕು ವಿಚಾರಣೆ ಮಾಡಿಸುತ್ತಾರೆ. ಕಾನೂನಿನ ಪಾಂಡಿತ್ಯಕ್ಕಿಂತ ಅಲ್ಲಿ ಪರೀಕ್ಷೆಯಾಗುವುದು ಇದೇ.

ಡೆಪ್ಯುಟಿ ಆದವರು ವರ್ಷದಲ್ಲಿ ಕೆಲವು ದಿನ ಮಾತ್ರ ಪೀಠದಲ್ಲಿ ಕೂರುತ್ತಾರೆ. ಕೂತ ದಿನಕ್ಕೆ ಸಂಭಾವನೆ, ಉಳಿದ ದಿನ ತಮ್ಮ ಕಚೇರಿ. ಸಂಸ್ಥೆಯ ಕೇಸುಗಳು ಬರುವ ಕೋರ್ಟು ಬಿಟ್ಟು ನಾನು ಡಡ್ಲಿ, ವಾಲ್ಸಾಲ್, ವುಲ್ವರ್‌ಹ್ಯಾಂಪ್ಟನ್ ಕಡೆ ಹೋಗುತ್ತಿದ್ದೆ. ಮನೆ ಖಾಲಿ ಮಾಡಿಸುವ ಅರ್ಜಿಗಳ ದಿನವೆಂದರೆ ಒಂದು ಪ್ರಕರಣಕ್ಕೆ ಹತ್ತು ನಿಮಿಷವೂ ಸಿಗುವುದಿಲ್ಲ. ಕಚೇರಿಯಲ್ಲಿ ಒಂದು ಒಪ್ಪಂದದ ಒಂದು ಷರತ್ತಿನ ಮೇಲೆ ವಾರಗಟ್ಟಲೆ ಕೂರುತ್ತಿದ್ದವಳಿಗೆ ಇದು ಬೇರೆಯೇ ಲೋಕ. ಮನೆ ಖಾಲಿ ಮಾಡಿಸಲು ಮಾಲೀಕರು ಕೊಡಬಹುದಾದ ಕಾರಣಗಳಿಗೆ ಕಾನೂನಿನಲ್ಲಿ ಆಧಾರ ಎಂದು ಹೆಸರು; 1988ರ ಹೌಸಿಂಗ್ ಆ್ಯಕ್ಟಿನ ಎಂಟನೆಯ ಆಧಾರ ನನ್ನ ಕಾಲದಲ್ಲಿ ಹೇಳುತ್ತಿದ್ದದ್ದು ಇಷ್ಟು: ತಿಂಗಳ ಬಾಡಿಗೆಯ ಮನೆಯಲ್ಲಿ ನೋಟಿಸ್ ಕೊಟ್ಟಾಗಲೂ ವಿಚಾರಣೆಯ ದಿನವೂ ಎರಡು ತಿಂಗಳ ಬಾಕಿ ಇದ್ದರೆ ನ್ಯಾಯಾಲಯ ಮನೆಯನ್ನು ಮಾಲೀಕರಿಗೆ ಕೊಡಲೇಬೇಕು. ಬಾಡಿಗೆ ಬಾಕಿಗೇ ಸಂಬಂಧಿಸಿದ ಹತ್ತು, ಹನ್ನೊಂದನೆಯ ಆಧಾರಗಳಲ್ಲಿ ನ್ಯಾಯಾಧೀಶರಿಗೆ ವಿವೇಚನೆ ಇದೆ, ಕಂತು ಕಟ್ಟುವ ಷರತ್ತಿನ ಮೇಲೆ ಆದೇಶವನ್ನು ತಡೆಹಿಡಿಯಬಹುದು. ಎಂಟರಲ್ಲಿ ಆ ವಿವೇಚನೆ ಇಲ್ಲ. ಆದ್ದರಿಂದ ನಾನು ಮೊದಲು ಕೇಳುತ್ತಿದ್ದದ್ದು ಬಾಡಿಗೆಯ ಲೆಕ್ಕದ ಹಾಳೆ. ಸಾಲು ಸಾಲಾಗಿ ಕೂಡುತ್ತಿದ್ದೆ. ವಸತಿ ಭತ್ಯೆ ಯಾವ ದಿನ ಜಮೆಯಾಯಿತು, ನೋಟಿಸಿನ ದಿನದ ಬಾಕಿ ನಿಜವಾಗಿ ಎಷ್ಟು? ಗೋದಾಮಿನಲ್ಲಿ ಚೀಟಿ ಹೋಲಿಸಿದ ಅಭ್ಯಾಸ ಇಲ್ಲಿ ಒಂದು ಮನೆಯವರನ್ನು ಮನೆಯಲ್ಲಿ ಉಳಿಸುವುದಕ್ಕೋ, ಉಳಿಸಲಾಗದು ಎಂದು ಖಚಿತವಾಗಿ ಹೇಳುವುದಕ್ಕೋ ಬಂತು. ಬಾಕಿ ನಿಜವಾಗಿಯೂ ಎರಡು ತಿಂಗಳು ದಾಟಿದ್ದರೆ ಕನಿಕರಕ್ಕೆ ಕಾನೂನಿನಲ್ಲಿ ಜಾಗವಿರಲಿಲ್ಲ. ಅದನ್ನು ಮುಖ ನೋಡಿ ಹೇಳಬೇಕಿತ್ತು, ಹೇಳಿದೆ.

10,000 ಪೌಂಡುವರೆಗಿನ ಸಣ್ಣ ದಾವೆಗಳಲ್ಲಿ ಎರಡೂ ಕಡೆ ವಕೀಲರಿಲ್ಲದಿರುವುದೇ ಸಾಮಾನ್ಯ. 2013ರ ಏಪ್ರಿಲ್‌ನಲ್ಲಿ ಸರ್ಕಾರಿ ಕಾನೂನು ನೆರವನ್ನು ಬಹುಪಾಲು ಕತ್ತರಿಸಿದ ಮೇಲೆ ಕುಟುಂಬ ಪ್ರಕರಣಗಳಲ್ಲೂ ಹಾಗೆಯೇ ಆಯಿತು. ಗಂಡ ಹೆಂಡತಿ ಇಬ್ಬರೂ ತಮ್ಮ ಕಾಗದದ ಚೀಲ ಹಿಡಿದು ಎದುರು ಕೂತಿರುತ್ತಾರೆ. ಇಲ್ಲಿ ಸಾಲಿಸಿಟರ್ ಆಗಿದ್ದವರಿಗೆ ದೊಡ್ಡ ಅನುಕೂಲವಿದೆ. ಬ್ಯಾರಿಸ್ಟರ್ ಕೈಗೆ ಕೇಸು ಬರುವಾಗ ಯಾರೋ ಅದನ್ನು ಹಸನು ಮಾಡಿ ಕೊಟ್ಟಿರುತ್ತಾರೆ. ಹಸನು ಮಾಡುತ್ತಿದ್ದವರು ನಾವು. ಗೊಂಚಲು ಗೊಂಚಲಾಗಿ ಬರುವ ಮಾತಿನಿಂದ ತಾರೀಖು ಬಿಡಿಸಿಕೊಳ್ಳುವುದು, "ನಿಮಗೆ ಇವತ್ತು ನನ್ನಿಂದ ಏನು ಆಗಬೇಕು?" ಎಂದು ಕೇಳಿ ಮೂರು ಪ್ರಶ್ನೆಗೆ ಇಳಿಸುವುದು ನನಗೆ ದಿನನಿತ್ಯದ ಕೆಲಸವಾಗಿತ್ತು. ಮನೆಗೆ ಹೊಸ ಕೋಣೆ ಕಟ್ಟಿಸಿ ಜಗಳ ಮಾಡಿಕೊಂಡವರ ಪ್ರಕರಣದಲ್ಲಿ ನಲವತ್ತು ದೂರು ಇರುತ್ತವೆ. ದೊಡ್ಡ ನಿರ್ಮಾಣ ವ್ಯಾಜ್ಯಗಳಲ್ಲಿ ಸ್ಕಾಟ್ ಶೆಡ್ಯೂಲ್ ಎಂಬ ಕೋಷ್ಟಕ ಬಳಸುತ್ತಾರೆ: ಒಂದೊಂದು ದೂರಿಗೆ ಒಂದು ಸಾಲು, ವಾದಿ ಹೇಳುವುದು ಒಂದು ಕಾಲಂ, ಪ್ರತಿವಾದಿ ಹೇಳುವುದು ಇನ್ನೊಂದು, ರಿಪೇರಿ ಖರ್ಚು ಮತ್ತೊಂದು, ಕೊನೆಯದು ನ್ಯಾಯಾಧೀಶರಿಗೆ ಖಾಲಿ. ಅದನ್ನೇ ಸರಳ ಮಾಡಿ ಒಂದು ಹಾಳೆಗೆ ಇಳಿಸಿ, ವಿಚಾರಣೆಗೆ ಮೊದಲೇ ಇಬ್ಬರೂ ತುಂಬಿ ತರಬೇಕೆಂದು ಆದೇಶ ಮಾಡುತ್ತಿದ್ದೆ. ತುಂಬಲು ಕೂತವರಲ್ಲಿ ಕೆಲವರು ತಾವೇ ಅರ್ಧ ದೂರು ಹೊಡೆದುಹಾಕಿ ಬರುತ್ತಿದ್ದರು.

ಇಂಥವರ ಹೇಳಿಕೆ ಓದುವಾಗ ಹಿಂದಿನ ಸಾಲಿನ ಪಾಠ ಇನ್ನೊಂದು ರೀತಿಯಲ್ಲಿ ನೆರವಾಯಿತು. ವಕೀಲರು ಸಿದ್ಧಪಡಿಸಿದ ಹೇಳಿಕೆ ನುಣ್ಣಗಿರುತ್ತದೆ, ತಾನೇ ಬರೆದುಕೊಂಡು ಬಂದವರದ್ದು ಒರಟು. ಎರಡನೆಯ ಪುಟ ಮೊದಲನೆಯದಕ್ಕೆ ಹೊಂದುವುದಿಲ್ಲ, ತಾರೀಖು ತಪ್ಪಿರುತ್ತದೆ, ಕೋಪ ಉಕ್ಕಿರುತ್ತದೆ. ಆ ನುಣುಪು ಎಲ್ಲಿಂದ ಬರುತ್ತದೆಂದು ಬಲ್ಲ ನಾನು ನುಣುಪನ್ನು ಸತ್ಯವೆಂದೂ ಒರಟನ್ನು ಸುಳ್ಳೆಂದೂ ತಿಳಿಯಲಿಲ್ಲ. 2013ರ ಗೆಸ್ಟ್‌ಮಿನ್ ತೀರ್ಪಿನಲ್ಲಿ ನ್ಯಾಯಮೂರ್ತಿ ಲೆಗ್ಗಟ್ ನೆನಪಿನ ಬಗ್ಗೆ ಹೇಳಿದ್ದು ವಾಣಿಜ್ಯ ವಕೀಲರಿಗೆಲ್ಲ ಗೊತ್ತು: ನೆನಪು ಕರೆದಾಗಲೆಲ್ಲ ಹೊಸದಾಗಿ ಕಟ್ಟಿಕೊಳ್ಳುತ್ತದೆ, ವ್ಯಾಜ್ಯದ ಪ್ರಕ್ರಿಯೆಯೇ ಅದನ್ನು ತಿದ್ದುತ್ತದೆ, ಆದ್ದರಿಂದ ಆ ಹೊತ್ತಿನ ದಾಖಲೆಗಳ ಮೇಲೆ ಹೆಚ್ಚು ಭಾರ ಹಾಕಬೇಕು. ಕಂಪನಿಗಳ ನಡುವೆ ಇದು ಬಹಳ ಸರಿ, ಅಲ್ಲಿ ಪ್ರತಿಯೊಂದಕ್ಕೂ ಇಮೇಲ್ ಇರುತ್ತದೆ. ಅಣ್ಣ ತಂಗಿಯ ನಡುವೆ ಕೈಸಾಲ ಕೊಟ್ಟದ್ದಕ್ಕೆ, ಮನೆಯೊಳಗೆ ನಡೆದ ಹಿಂಸೆಗೆ ಯಾರು ದಾಖಲೆ ಇಟ್ಟಿರುತ್ತಾರೆ? ಕಾಗದ ನಂಬುವ ಅಭ್ಯಾಸವನ್ನು ಬಾಗಿಲಲ್ಲಿ ಬಿಟ್ಟು ಹೋಗಬೇಕಾದ ಜಾಗ ಅದು. ಕಾಗದವಿಲ್ಲ ಎನ್ನುವುದನ್ನು ಮನುಷ್ಯನ ವಿರುದ್ಧ ಹಿಡಿಯಬಾರದು, ಅವರ ಬದುಕಿನಲ್ಲಿ ಅಂಥ ಕಾಗದ ಹುಟ್ಟುವ ಸಂಭವವಿತ್ತೇ ಎಂದು ಮೊದಲು ಕೇಳಿಕೊಳ್ಳಬೇಕು.

ಹಾಗೆಂದು ವಕೀಲರಿಲ್ಲದವರಿಗೆ ನಿಯಮ ಸಡಿಲವಲ್ಲ. 2018ರ ಬಾರ್ಟನ್ ಪ್ರಕರಣದಲ್ಲಿ, ಎದುರು ಪಕ್ಷದ ಸಾಲಿಸಿಟರ್‌ಗಳು ಒಪ್ಪದಿದ್ದರೂ ಇಮೇಲಿನಲ್ಲಿ ದಾವೆ ಕಳಿಸಿದ ವ್ಯಕ್ತಿಗೆ ಸುಪ್ರೀಂ ಕೋರ್ಟ್ ರಿಯಾಯಿತಿ ಕೊಡಲಿಲ್ಲ. ಐವರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಭಿನ್ನಮತ ಕೊಟ್ಟರು ಎನ್ನುವುದೇ ಆ ಗೆರೆ ಎಷ್ಟು ಸೂಕ್ಷ್ಮ ಎಂದು ತೋರಿಸುತ್ತದೆ. ನಿಯಮವನ್ನು ಬಗ್ಗಿಸುವಂತಿಲ್ಲ, ವಿವರಿಸಬಹುದು. ವಿವರಿಸುವುದಕ್ಕೆ ನಾನು ಎಷ್ಟು ಹೊತ್ತು ಬೇಕಾದರೂ ಕೊಡುತ್ತಿದ್ದೆ.

ತೀರ್ಪು ಹೇಳುವುದೇ ನನಗೆ ಹೊಸತಾಗಿದ್ದ ಕಲೆ. ಸಣ್ಣ ದಾವೆಗಳಲ್ಲಿ ತೀರ್ಪು ಬರೆದು ಕಳಿಸುವುದು ಅಪರೂಪ. ಸಾಕ್ಷ್ಯ ಮುಗಿದ ಮೇಲೆ ಒಳಕೋಣೆಗೆ ಹೋಗಿ ಹದಿನೈದು ಇಪ್ಪತ್ತು ನಿಮಿಷ ಯೋಚಿಸಿ ಬಂದು ಬಾಯಲ್ಲೇ ಹೇಳಬೇಕು, ಅದೆಲ್ಲ ರೆಕಾರ್ಡ್ ಆಗುತ್ತದೆ. ಹಾಳೆಯ ಮಧ್ಯೆ ಒಂದು ಗೆರೆ ಎಳೆದು ಎಡಕ್ಕೆ ಇಬ್ಬರೂ ಒಪ್ಪಿದ ಸಂಗತಿ, ಬಲಕ್ಕೆ ಒಪ್ಪದವು ಎಂದು ವಿಚಾರಣೆ ನಡೆಯುವಾಗಲೇ ಬರೆದುಕೊಳ್ಳುತ್ತಿದ್ದೆ. ಒಳಗೆ ಹೋದಾಗ ಬಲಗಡೆಯದ್ದಕ್ಕೆ ಮಾತ್ರ ಉತ್ತರ ಹುಡುಕಿದರೆ ಸಾಕು. 1987ರ ಮೀಕ್ ಪ್ರಕರಣದಿಂದ ಬಂದ ಅಳತೆಗೋಲು ಇದೆ: ತಾನು ಯಾಕೆ ಗೆದ್ದೆ, ಯಾಕೆ ಸೋತೆ ಎಂದು ಪ್ರತಿ ಪಕ್ಷಕ್ಕೂ ತಿಳಿಯಬೇಕು. ಗೆದ್ದವರು ಕಾರಣ ಕೇಳಿಸಿಕೊಳ್ಳುವುದೇ ಇಲ್ಲ. ಹಾಗಾಗಿ ನಾನು ಸೋತವರ ಕಡೆ ತಿರುಗಿ, ಅವರ ವಾದದಲ್ಲಿ ಅತಿ ಗಟ್ಟಿಯಾದದ್ದನ್ನು ಮೊದಲು ಅವರದೇ ಮಾತಿನಲ್ಲಿ ಹೇಳುತ್ತಿದ್ದೆ, ಆಮೇಲೆ ಅದು ಯಾಕೆ ಸಾಲಲಿಲ್ಲ ಎಂದು. ಕೇಸು ಸೋತ ಕಕ್ಷಿದಾರರನ್ನು ಕೋರ್ಟಿನ ಮೆಟ್ಟಿಲ ಮೇಲೆ ಎಷ್ಟೋ ಸಲ ಸಮಾಧಾನ ಮಾಡಿದ್ದೆ. ಅವರಿಗೆ ಸೋಲಿಗಿಂತ ಹೆಚ್ಚು ಚುಚ್ಚುತ್ತಿದ್ದದ್ದು "ನಾನು ಹೇಳಿದ್ದನ್ನು ಜಡ್ಜ್ ಕೇಳಲೇ ಇಲ್ಲ" ಎನ್ನುವುದು.

ಹಿತಾಸಕ್ತಿ ಸಂಘರ್ಷದ ಪ್ರಶ್ನೆ ಸಾಲಿಸಿಟರ್‌ಗೆ ಬ್ಯಾರಿಸ್ಟರ್‌ಗಿಂತ ದೊಡ್ಡದು. ಬ್ಯಾರಿಸ್ಟರ್ ಒಂಟಿಯಾಗಿ ವೃತ್ತಿ ಮಾಡುವವರು. ಸಾಲಿಸಿಟರ್ ಪಾಲುದಾರರಾಗಿದ್ದರೆ ಸಂಸ್ಥೆಯ ಎಲ್ಲ ಕಕ್ಷಿದಾರರೂ ಅವರ ಕಕ್ಷಿದಾರರೇ, ಹೆಸರೇ ಕೇಳಿರದವರು ಕೂಡ. 1999ರ ಲೋಕಬೇಲ್ ತೀರ್ಪು ಇದೇ ವಿಷಯದ್ದು. ಡೆಪ್ಯುಟಿ ಹೈಕೋರ್ಟ್ ಜಡ್ಜ್ ಆಗಿ ಕೂತಿದ್ದ ಸಾಲಿಸಿಟರ್ ಬೇರೆ ಯಾರೂ ಅಲ್ಲ, ಮೇಲೆ ಹೇಳಿದ ಲಾರೆನ್ಸ್ ಕಾಲಿನ್ಸ್. ಅವರ ಸಂಸ್ಥೆಗೆ ಇದ್ದ ಒಂದು ಸಂಬಂಧವನ್ನು ಎತ್ತಿ ಆಕ್ಷೇಪಣೆ ಬಂತು, ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಆದರೂ ನಾನು ಪ್ರತಿ ದಿನದ ಪಟ್ಟಿ ಕೈಗೆ ಬಂದ ಕೂಡಲೇ ಹೆಸರುಗಳನ್ನು ಸಂಸ್ಥೆಯ ಪಟ್ಟಿಗೆ ಹೋಲಿಸದೆ ಪೀಠಕ್ಕೆ ಹೋಗುತ್ತಿರಲಿಲ್ಲ.

ಅದೇ ತೀರ್ಪಿನ ಇನ್ನೊಂದು ಮಾತು ನನ್ನಂಥವರಿಗೆ ಹತ್ತಿರದ್ದು: ನ್ಯಾಯಾಧೀಶರ ಧರ್ಮ, ಜನಾಂಗ, ಮೂಲ ದೇಶ, ಲಿಂಗ ಇವುಗಳ ಮೇಲೆ ಆಕ್ಷೇಪಣೆ ಎತ್ತುವಂತಿಲ್ಲ. ಕನ್ನಡದ ಹೆಸರಿನವರು ನನ್ನ ಮುಂದೆ ಬಂದದ್ದುಂಟು. ಭಾಷೆ ಒಂದೇ ಎನ್ನುವ ಕಾರಣಕ್ಕೆ ಪ್ರಕರಣ ಬಿಡಬೇಕಿಲ್ಲ, ಬಿಡಲಿಲ್ಲ. ಯುಗಾದಿ ಊಟದಲ್ಲಿ ಒಟ್ಟಿಗೆ ಕೂತವರು ಕಕ್ಷಿದಾರರಾಗಿ ಬಂದರೆ ಅದು ಬೇರೆ ಮಾತು. ಹಾಗೊಮ್ಮೆ ಆದಾಗ ಎರಡೂ ಕಡೆಯವರಿಗೆ ತೆರೆದ ಕೋರ್ಟಿನಲ್ಲೇ ತಿಳಿಸಿ ಪ್ರಕರಣವನ್ನು ಬೇರೆ ನ್ಯಾಯಾಧೀಶರಿಗೆ ಕಳಿಸಿದೆ. ಇದರ ಬೆಲೆಯೂ ಇದೆ. ಬಳಗದ ಕಾರ್ಯಕ್ರಮಗಳಿಗೆ ಹೋಗುವುದು ಕಡಿಮೆಯಾಯಿತು. ಹೋದಾಗ ಯಾರಾದರೂ ತಮ್ಮ ಮನೆ ಮಾಲೀಕರ ತಕರಾರು ಶುರುಮಾಡಿದರೆ ಕೈಮುಗಿದು ಮಾತು ನಿಲ್ಲಿಸುತ್ತಿದ್ದೆ.

ಪೂರ್ಣಾವಧಿ ಹುದ್ದೆ ಒಪ್ಪಿಕೊಳ್ಳುವಾಗ ಯೋಚಿಸಬೇಕಾದದ್ದು ಒಂದು: ಮತ್ತೆ ವಕೀಲಿಕೆಗೆ ಮರಳುವಂತಿಲ್ಲ. ಪಾಲುದಾರರಾಗಿ ಬರುತ್ತಿದ್ದ ಆದಾಯಕ್ಕಿಂತ ಸಂಬಳ ಕಡಿಮೆ. ಮನೆಯಲ್ಲಿ ನಾವಿಬ್ಬರೂ ಕೂತು ಲೆಕ್ಕ ಹಾಕಿದೆವು, ಒಪ್ಪಿದೆವು. "ಭಯವಾಗಲಿ ಪಕ್ಷಪಾತವಾಗಲಿ, ರಾಗವಾಗಲಿ ದ್ವೇಷವಾಗಲಿ ಇಲ್ಲದೆ" ಎಂಬ ಅರ್ಥದ ಪ್ರಮಾಣವಚನ ಸ್ವೀಕರಿಸುವಾಗ ನನಗೆ ಅದು ಹೊಸದೆನಿಸಲಿಲ್ಲ. ಭಾರತದ ಸಂವಿಧಾನದ ಮೂರನೆಯ ಅನುಸೂಚಿಯಲ್ಲಿ ಹೈಕೋರ್ಟ್, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ಪ್ರಮಾಣವಚನದಲ್ಲೂ ಇರುವುದು ಇದೇ ಪದಗಳು, ಮೈಸೂರಿನ ಕಾಲೇಜಿನಲ್ಲಿ ಓದಿದ್ದೆ.

ಪೂರ್ಣಾವಧಿಯಾದ ಮೇಲೆ ವಾಣಿಜ್ಯ ಅನುಭವ ಎಲ್ಲಕ್ಕಿಂತ ನೇರವಾಗಿ ಬಳಕೆಯಾದದ್ದು ಖರ್ಚಿನ ವಿಷಯದಲ್ಲಿ. ಸೋತವರು ಗೆದ್ದವರ ವಕೀಲರ ಖರ್ಚು ಕೊಡಬೇಕೆನ್ನುವುದು ಇಲ್ಲಿನ ಸಾಮಾನ್ಯ ನಿಯಮ. ಒಂದು ದಿನದೊಳಗೆ ಮುಗಿಯುವ ವಿಚಾರಣೆಯಾದರೆ ಆಗಿಂದಾಗಲೇ ನ್ಯಾಯಾಧೀಶರು ಆ ಮೊತ್ತ ನಿಗದಿ ಮಾಡಬೇಕು. ಎನ್ 260 ಎಂಬ ನಮೂನೆಯಲ್ಲಿ ಗಂಟೆಗಳ ಲೆಕ್ಕ ಬಂದಿರುತ್ತದೆ: ಕಕ್ಷಿದಾರರೊಡನೆ ಇಷ್ಟು, ಎದುರಾಳಿಯೊಡನೆ ಇಷ್ಟು, ದಾಖಲೆಗಳ ಮೇಲೆ ಇಷ್ಟು. ಅಂಥ ಬಿಲ್ಲುಗಳನ್ನು ವರ್ಷಗಟ್ಟಲೆ ಬರೆದವಳಿಗೆ ಯಾವ ಸಾಲಿನಲ್ಲಿ ಕೆಲಸವಿದೆ, ಯಾವ ಸಾಲಿನಲ್ಲಿ ಇಬ್ಬರು ಕೂತು ಒಂದೇ ಕಾಗದ ಓದಿದ್ದಾರೆ ಎಂದು ತಿಳಿಯುತ್ತದೆ. ಯಾವ ಸಾಲನ್ನು ಯಾಕೆ ಕಡಿಮೆ ಮಾಡಿದೆ ಎಂದು ಒಂದೊಂದಾಗಿ ಹೇಳುತ್ತಿದ್ದೆ. ವಕೀಲರು ಹೆಚ್ಚು ತಕರಾರು ಮಾಡುತ್ತಿರಲಿಲ್ಲ.

ಕೊನೆಯ ವರ್ಷಗಳಲ್ಲಿ ಬುಲ್ ಸ್ಟ್ರೀಟಿನ ಬರ್ಮಿಂಗ್‌ಹ್ಯಾಮ್ ಸಿವಿಲ್ ಜಸ್ಟಿಸ್ ಸೆಂಟರಿನಲ್ಲಿ, 2017ರಲ್ಲಿ ಶುರುವಾದ, ವ್ಯಾಪಾರ ಮತ್ತು ಆಸ್ತಿ ವ್ಯಾಜ್ಯ ಕೇಳುವ ಬಿಸಿನೆಸ್ ಆ್ಯಂಡ್ ಪ್ರಾಪರ್ಟಿ ಕೋರ್ಟಿನ ಕೆಲಸ ಸಿಕ್ಕಿತು. 2021ರ ಏಪ್ರಿಲ್‌ನಿಂದ ಅಲ್ಲಿ ಹೊಸ ನಿಯಮ ಬಂದಿದೆ. ವಿಚಾರಣೆಗೆ ಸಲ್ಲಿಸುವ ಸಾಕ್ಷಿ ಹೇಳಿಕೆ ಸಾಧ್ಯವಾದಷ್ಟೂ ಸಾಕ್ಷಿಯ ಸ್ವಂತ ಮಾತಿನಲ್ಲಿರಬೇಕು, ವಿವಾದದ ಮುಖ್ಯ ಸಂಗತಿ ಎಷ್ಟು ಚೆನ್ನಾಗಿ ನೆನಪಿದೆ ಎಂದು ಸಾಕ್ಷಿಯೇ ಹೇಳಬೇಕು, ಯಾವ ದಾಖಲೆ ತೋರಿಸಿ ನೆನಪು ತಾಜಾ ಮಾಡಲಾಯಿತು ಎಂಬ ಪಟ್ಟಿ ಕೊಡಬೇಕು, ನಿಯಮ ಪಾಲಿಸಿದ್ದೇವೆ ಎಂದು ವಕೀಲರು ಪ್ರಮಾಣಪತ್ರ ಹಾಕಬೇಕು. ಇದು ಖರ್ಚು ಹೆಚ್ಚಿಸುವ ನಿಯಮ ಎಂದು ವೃತ್ತಿಯಲ್ಲಿ ಗೊಣಗುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮಳೆಯ ದಿನ ಬಾಗಿಲಲ್ಲಿ ನಿಂತಿದ್ದ ಆ ಫೋರ್‌ಮನ್ನನ ಅನುಮಾನಕ್ಕೆ ನಿಯಮದಲ್ಲೇ ಜಾಗ ಸಿಕ್ಕಿದ್ದು ಆಗ.

ಡಿಸ್ಟ್ರಿಕ್ಟ್ ಜಡ್ಜ್ ಮಟ್ಟದಲ್ಲಿ ಸಾಲಿಸಿಟರ್ ಹಿನ್ನೆಲೆಯವರು ಬಹಳ ಮಂದಿ ಇದ್ದಾರೆ. ಮೇಲೆ ಹೋದ ಹಾಗೆ ಕಡಿಮೆಯಾಗುತ್ತಾರೆ, ಹೈಕೋರ್ಟಿನಲ್ಲಿ ಬೆರಳೆಣಿಕೆ. ಯೋಗ್ಯತೆಯ ಕೊರತೆ ಇದಕ್ಕೆ ಕಾರಣವೆಂದು ನಾನು ಒಪ್ಪುವುದಿಲ್ಲ. ಸ್ವತಂತ್ರ ಬ್ಯಾರಿಸ್ಟರ್ ಕೆಲವು ವಾರ ಪೀಠದಲ್ಲಿ ಕೂತರೆ ನಷ್ಟ ಅವರೊಬ್ಬರದು, ಹೆಮ್ಮೆಯೂ ಅವರದು. ದೊಡ್ಡ ಸಂಸ್ಥೆಯ ಸಾಲಿಸಿಟರ್ ಕೂತರೆ ಪಾಲುದಾರರ ಸಭೆಯಲ್ಲಿ ಅದು ಬಿಲ್ ಆಗದ ಗಂಟೆಗಳು. ನ್ಯಾಯಾಲಯಗಳು ಚೆನ್ನಾಗಿ ನಡೆಯಬೇಕೆಂದು ಎಲ್ಲರಿಗಿಂತ ಜೋರಾಗಿ ಬಯಸುವ ವಾಣಿಜ್ಯ ಕಾನೂನು ಸಂಸ್ಥೆಗಳು ತಮ್ಮಲ್ಲಿನ ಒಳ್ಳೆಯವರನ್ನು ವರ್ಷಕ್ಕೆ ಕೆಲವು ವಾರ ಬಿಟ್ಟುಕೊಡಲು ಹಿಂಜರಿಯುವುದು ನನಗೆ ಇಂದಿಗೂ ನೋವಿನ ಸಂಗತಿ.

ಆದ್ದರಿಂದ ಕೇಳಲು ಬರುವ ಮಕ್ಕಳಿಗೆ ನಾನು ಹೇಳುವುದು: ಅರ್ಜಿ ಹಾಕುವ ಎರಡು ವರ್ಷ ಮೊದಲೇ ಸಂಸ್ಥೆಯಲ್ಲಿ ವಿಷಯ ಎತ್ತಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ನಿಮ್ಮ ಬಗ್ಗೆ ಅಭಿಪ್ರಾಯ ಕೊಡುವವರಾಗಿ ಹೆಸರು ದೊಡ್ಡದಾದವರನ್ನು ಹುಡುಕಬೇಡಿ, ನೀವು ತೀರ್ಮಾನ ತೆಗೆದುಕೊಳ್ಳುವುದನ್ನು ಕಣ್ಣಾರೆ ಕಂಡವರನ್ನು ಕೇಳಿ. ಎದುರು ಪಕ್ಷದ ಸಾಲಿಸಿಟರ್ ಆದರೂ ಸರಿ, ಒಮ್ಮೊಮ್ಮೆ ಅವರೇ ಉತ್ತಮ. ಈಚೆಗೆ ನಾನು ಓದಿಕೊಟ್ಟದ್ದು ಧಾರವಾಡದ ಕಡೆಯ ಒಬ್ಬ ಹುಡುಗಿಯ ಅರ್ಜಿ. ಮೊದಲ ಕರಡಿನಲ್ಲಿ ತಾನು ಕೈಯಾಡಿಸಿದ ದೊಡ್ಡ ವ್ಯವಹಾರಗಳ ಹೆಸರೇ ತುಂಬಿತ್ತು. ಕೇಳುತ್ತಾ ಹೋದಾಗ, ತನ್ನ ಕಕ್ಷಿದಾರರಿಗೇ ತೊಡಕಾಗುವ ದಾಖಲೆಯನ್ನು ಕೊಡಲೇಬೇಕೆಂದು ಹಿರಿಯ ಪಾಲುದಾರರ ಮುಂದೆ ಗಟ್ಟಿಯಾಗಿ ನಿಂತ ಒಂದು ಮಧ್ಯಾಹ್ನದ ವಿಷಯ ಹೊರಬಂತು. ಅದನ್ನು ಬರೆಯುವಷ್ಟು ದೊಡ್ಡದೆಂದು ಆಕೆ ಅಂದುಕೊಂಡಿರಲಿಲ್ಲ. ಅದನ್ನೇ ಮೊದಲ ಉದಾಹರಣೆಯಾಗಿ ಇಟ್ಟು ಅರ್ಜಿ ಕಳಿಸಿದ್ದಾಳೆ. ಅರ್ಹತಾ ಪರೀಕ್ಷೆ ಆಗಿದೆ, ಮುಂದಿನ ಹಂತಕ್ಕೆ ಕರೆ ಬರಬೇಕು.